ಹನ್ನೆರಡನೇ ನಂಬರಿನ ಗಾಜು

ವೆಲ್ಡಿಂಗ್ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸಾರ್, ಎಷ್ಟನೇ ನಂಬರ್ ಗಾಜು ಹಾಕ್ಕೋಬೇಕು?" ಮೂವತ್ತೆಂಟು ವರ್ಷ ಈ ಕೆಲಸದಲ್ಲಿದ್ದೆ. ಕೊನೆಯ ಹದಿನಾಲ್ಕು ವರ್ಷ ಗಾಜು ಹಂಚುವ ಅಧಿಕಾರವೂ ನನ್ನ ಕೈಯಲ್ಲೇ ಇತ್ತು. ಆದರೂ ಈ ಪ್ರಶ್ನೆಗೆ ಇವತ್ತಿಗೂ ಥಟ್ಟನೆ ಉತ್ತರ ಕೊಡುವುದಿಲ್ಲ. ಒಮ್ಮೆ ನಾನು ಎಲ್ಲರಿಗೂ ಒಂದೇ ಉತ್ತರ ಕೊಟ್ಟಿದ್ದೆ. ಆ ಉತ್ತರದಿಂದ ಭಾಗ್ಯ ಎಂಬ ಹೆಣ್ಣುಮಗಳ ಬಲಗಣ್ಣು ಹೋಗುವುದರಲ್ಲಿತ್ತು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಮೊದಲು ಗಾಜಿನ ವಿಷಯ. ವೆಲ್ಡರನ ಮುಖವಾಡದ ಕಿಟಕಿಯಲ್ಲಿ ಕೂರಿಸುವ ಕಪ್ಪು ಗಾಜಿನ ಮೂಲೆಯಲ್ಲಿ ಒಂದು ನಂಬರ್ ಇರುತ್ತದೆ. ನಂಬರ್ ಹೆಚ್ಚಿದಂತೆ ಗಾಜು ಕಪ್ಪು. ಗ್ಯಾಸ್ ವೆಲ್ಡಿಂಗಿಗೆ ಐದೋ ಆರೋ ಸಾಕು. ಕರೆಂಟಿನ ಉರಿಕಿಡಿ, ಅಂದರೆ ಆರ್ಕ್, ಹಚ್ಚುವ ಕೆಲಸಕ್ಕೆ ಒಂಬತ್ತು, ಹತ್ತು, ಅದಕ್ಕೂ ಮೇಲೆ. ಎಷ್ಟು ಮೇಲೆ ಎನ್ನುವುದು ಆಂಪಿಯರ್ ನೋಡಿ ತೀರ್ಮಾನಿಸಬೇಕು. ಆರ್ಕಿನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಒಂದು ಭಾಗವಿದೆ. ಬಿಸಿಲು ಚರ್ಮವನ್ನು ಸುಡುವ ಹಾಗೆ ಅದು ಕಣ್ಣಿನ ಮೇಲ್ಪೊರೆಯನ್ನು ಸುಡುತ್ತದೆ. ಸುಡುವಾಗ ನೋವಿಲ್ಲ. ಆರೇಳು ಗಂಟೆ ಕಳೆದು, ಮನೆಗೆ ಹೋಗಿ ಕೈಕಾಲು ತೊಳೆದು ಕೂತಾಗ, ಕಣ್ಣಿಗೆ ಒಂದು ಹಿಡಿ ಮರಳು ಎರಚಿದಂತೆ ಶುರುವಾಗುತ್ತದೆ. ಬೆರಳು ಸುಟ್ಟರೆ ಅಲ್ಲೇ ಗೊತ್ತಾಗುತ್ತದೆ, ಕೈ ಹಿಂದಕ್ಕೆ ಬರುತ್ತದೆ. ಕಣ್ಣು ಸುಟ್ಟದ್ದು ಗೊತ್ತಾಗುವ ಹೊತ್ತಿಗೆ ಆ ದಿನದ ಕೆಲಸವೇ ಮುಗಿದಿರುತ್ತದೆ. ಈ ಕೆಲಸದಲ್ಲಿ ನಾನು ಎಲ್ಲಕ್ಕಿಂತ ಹೆದರಿದ್ದು ಇದಕ್ಕೇ.

ನಾನು ಕಲಿತದ್ದು ರಾಜಾಜಿನಗರದ ಕೈಗಾರಿಕಾ ಪ್ರದೇಶದ ಒಂದು ದೊಡ್ಡ ಕಾರ್ಖಾನೆಯಲ್ಲಿ. ಏಳೂವರೆಗೆ ಸೈರನ್. ಏಳು ಇಪ್ಪತ್ತೈದಕ್ಕೆ ಅಪ್ರೆಂಟಿಸುಗಳೆಲ್ಲ ಅಂಗಳದಲ್ಲಿ ಸಾಲಾಗಿ ನಿಂತು ಮುಖವಾಡವನ್ನು ಎದೆಯ ಮುಂದೆ ಹಿಡಿಯಬೇಕು. ಫೋರ್‌ಮನ್ ಖಾದರ್ ಸಾಬ್ ಒಂದೊಂದು ಗಾಜನ್ನೂ ಬಿಸಿಲಿಗೆ ಹಿಡಿದು ನೋಡುವರು. ಕೂದಲೆಳೆಯಷ್ಟು ಬಿರುಕು ಕಂಡರೂ ಸಾಕು, ಗಾಜು ತೆಗೆದು ಬಕೆಟ್ಟಿಗೆ ಎಸೆಯುವರು. ಬೈಯುತ್ತಿರಲಿಲ್ಲ. ಗಾಜು ಬಕೆಟ್ಟಿಗೆ ಬಿದ್ದ ಸದ್ದೇ ಸಾಕಾಗಿತ್ತು. ಆ ಶಿಸ್ತು ನನಗೆ ಹಿಡಿಸಿತು. ಇವತ್ತಿಗೂ ನನ್ನ ಮನೆಯಲ್ಲಿ ಚಪ್ಪಲಿ ಬಿಡಲು ಒಂದೊಂದಕ್ಕೂ ಒಂದೊಂದು ಜಾಗ ಇದೆ.

ಕೆಲವು ವರ್ಷಗಳ ಮೇಲೆ ನನಗೆ ಆರು ಜನ ವೆಲ್ಡರುಗಳ ಒಂದು ಸಾಲನ್ನು ವಹಿಸಿದರು. ಅದೇ ಹೊತ್ತಿಗೆ ತಂತಿ ತಾನಾಗಿ ಹರಿದು ಬರುವ ಹೊಸ ಯಂತ್ರಗಳು ಬಂದವು. ಹಳೆಯ ಕಡ್ಡಿ ವೆಲ್ಡಿಂಗ್ ನೂರ ಮೂವತ್ತು ಆಂಪಿಯರಿನಲ್ಲಿ ನಡೆಯುತ್ತಿತ್ತು. ಇವು ಇನ್ನೂರ ಎಂಬತ್ತು. ಯಂತ್ರ ಕೂರಿಸಿದೆ, ಕೇಬಲ್ ಎಳೆಸಿದೆ, ನೆಲಕ್ಕೆ ಹಳದಿ ಗೆರೆ ಬಳಿಸಿದೆ. ಮುಖವಾಡಗಳಲ್ಲಿ ಮಾತ್ರ ಹಳೆಯ ಹತ್ತನೇ ನಂಬರಿನ ಗಾಜುಗಳೇ ಉಳಿದವು. ನಾಲ್ಕನೇ ದಿನ ಶಂಕರ ಎಂಬ ವೆಲ್ಡರ್ ಊಟದ ಹೊತ್ತಿನಲ್ಲಿ ಗೋಡೆ ನೋಡುತ್ತಾ ನಿಂತಿದ್ದ.

"ಸಾರ್, ಎಲ್ ನೋಡಿದ್ರೂ ಒಂದು ಹಸ್ರು ಚುಕ್ಕಿ ಮುಂದ್ಮುಂದೆ ಓಡ್ತಾ ಇದೆ. ಅನ್ನದ್ ಮೇಲೂ ಅದೇ."

ಮರುದಿನ ಅವನು ಬರಲಿಲ್ಲ. ಕುರುಬರಹಳ್ಳಿಯಲ್ಲಿದ್ದ ಅವನ ಮನೆಗೆ ಹೋದೆ. ತಲೆಗೆ ಟವೆಲ್ ಬಿಗಿದು ಕತ್ತಲು ಮೂಲೆಯಲ್ಲಿ ಕೂತಿದ್ದ. ಅವನ ಹೆಂಡತಿ ನನಗೆ ಕಾಫಿ ಕೊಟ್ಟಳು. ಆ ಕಾಫಿಯನ್ನು ಹೇಗೆ ಕುಡಿದೆನೋ ನೆನಪಿಲ್ಲ. ಮೂರನೇ ದಿನಕ್ಕೆ ಚುಕ್ಕಿ ಮಾಸಿತು, ಶಂಕರ ಕೆಲಸಕ್ಕೆ ಬಂದ. ಖಾದರ್ ಸಾಬ್ ನನ್ನನ್ನು ಪಕ್ಕಕ್ಕೆ ಕರೆದರು.

"ಮಷೀನ್ ಬದ್ಲಾಯ್ಸಿದಿ, ಗಾಜ್ ಬದ್ಲಾಯ್ಸಿಲ್ಲ. ಅರ್ಧ ಕೆಲ್ಸ ಮಾಡಿದಿ ಬಾಬು. ಡೌಟ್ ಬಂದ್ರೆ ಮೇಲಿನ್ ನಂಬರ್‌ಗೆ ಹೋಗು. ಆಮೇಲೆ ಕೂತ್ಕೊಂಡು ಒಂದೊಂದೇ ಇಳಿ, ಕೆಲ್ಸ ಚೆನ್ನಾಗ್ ಕಾಣೋವರ್ಗೂ."

ಹೆದರಿದ್ದ ನನ್ನ ತಲೆಯಲ್ಲಿ ಮೇಲಕ್ಕೆ ಹೋಗುವ ಮಾತು ಮಾತ್ರ ಉಳಿಯಿತು. ಇಳಿಯುವ ಮಾತು ಉಳಿಯಲಿಲ್ಲ.

ಆ ಕಾರ್ಖಾನೆ ಮುಚ್ಚಿತು. ನಾಯಂಡಹಳ್ಳಿಯಲ್ಲಿ, ಮೈಸೂರು ರಸ್ತೆಯಿಂದ ಒಳಗೆ ಎರಡು ಗೋಡೌನುಗಳ ನಡುವಿನ ಒಂದು ಶೆಡ್ಡಿಗೆ ಮೇಲ್ವಿಚಾರಕನಾಗಿ ಸೇರಿದೆ. ಡೈರಿಗಳಿಗೆ ಸ್ಟೀಲಿನ ಹಾಲಿನ ಟ್ಯಾಂಕ್ ಮಾಡುವ ಕೆಲಸ. ಹನ್ನೊಂದು ಜನ. ತೆಳ್ಳನೆಯ ತಗಡಿಗೆ ಟಿಗ್ ವೆಲ್ಡಿಂಗ್ ಮಾಡಬೇಕು: ಒಂದು ಕೈಯಲ್ಲಿ ಚೂಪಾದ ಟಂಗ್‌ಸ್ಟನ್ ಸೂಜಿ ಇರುವ ಟಾರ್ಚು, ಇನ್ನೊಂದು ಕೈಯಲ್ಲಿ ತಂತಿ, ಸೂಜಿಯ ತುದಿಯಲ್ಲಿ ಐವತ್ತು ಆಂಪಿಯರಿನ ಪುಟ್ಟ ಆರ್ಕ್. ಸೂಜಿ ಒಂದು ಕೂದಲಷ್ಟು ಆಚೀಚೆ ಹೋದರೆ ತಗಡು ತೂತು.

ಭಾಗ್ಯ ಅಲ್ಲಿನ ಎಲ್ಲರಿಗಿಂತ ಒಳ್ಳೆಯ ಟಿಗ್ ವೆಲ್ಡರ್. ಕೆಂಗೇರಿಯ ಹಳೆಯ ಊರಿನ ಸೊಸೆ, ಎರಡು ಮಕ್ಕಳಾದ ಮೇಲೆ ತರಬೇತಿ ಪಡೆದು ಬಂದವಳು. ಅವಳು ಹಾಕಿದ ಜೋಡಣೆ ಮಲ್ಲಿಗೆ ಮೊಗ್ಗು ಪೋಣಿಸಿದಷ್ಟು ಸಮ. ಡೈರಿಯವರು ಬಂದರೆ ಅದರ ಮೇಲೆ ಬೆರಳು ಆಡಿಸಿ ನೋಡುತ್ತಿದ್ದರು.

ಬೆಳಕು ಬಿದ್ದ ಕೂಡಲೇ ತಾನಾಗಿ ಕಪ್ಪಾಗುವ ಹೆಲ್ಮೆಟುಗಳು ಅಷ್ಟರಲ್ಲಿ ಬಂದಿದ್ದವು. ಮಾಲೀಕರು ಅಗ್ಗದವು ನಾಲ್ಕನ್ನು ತಂದರು. ಒಂದು ದಿನ ಮಂಜುನಾಥ ಎಂಬ ವೆಲ್ಡರನದು ಕಪ್ಪಾಗಲೇ ಇಲ್ಲ. ಬೆಳಕನ್ನು ಗುರುತಿಸುವ ಸೆನ್ಸರಿನ ಮೇಲೆ ಮಸಿ ಕೂತಿತ್ತು.

"ಏನಿಲ್ಲ ಸಾರ್, ಮದುವೆ ಮನೇಲಿ ಫೋಟೋ ತೆಗ್ದಂಗಾಯ್ತು ಅಷ್ಟೇ," ಎಂದು ಮಂಜ ನಕ್ಕ. ನನಗೆ ನಗು ಬರಲಿಲ್ಲ. ಟವೆಲ್ ಬಿಗಿದ ಶಂಕರನ ತಲೆ ಕಣ್ಣ ಮುಂದೆ ಬಂತು. ನಾಲ್ಕೂ ಹೆಲ್ಮೆಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಗಾಜು ಕೂರಿಸುವ ಮುಂದಿನ ಮುಚ್ಚಳವನ್ನು, ನಾವು ರೆಪ್ಪೆ ಎನ್ನುವುದನ್ನು, ಎತ್ತಿ ಇಳಿಸುವ ಹಳೆಯ ಮುಖವಾಡಗಳನ್ನು ತರಿಸಿ ಎಲ್ಲದರಲ್ಲೂ ಹನ್ನೆರಡನೇ ನಂಬರಿನ ಗಾಜು ಕೂರಿಸಿದೆ. ಯಾವ ಯಂತ್ರವಾದರೂ, ಯಾವ ಆಂಪಿಯರ್ ಆದರೂ ಹನ್ನೆರಡೇ. ಆದೇಶ ಬರೆದು ಗೋಡೆಗೆ ಅಂಟಿಸಿದೆ. ಒಂದೇ ನಂಬರ್, ಒಂದೇ ಡಬ್ಬ, ಗೊಂದಲವಿಲ್ಲ. ಆ ಸಂಜೆ ನೆಮ್ಮದಿಯಾಗಿ ಮನೆಗೆ ಹೋದದ್ದು ನೆನಪಿದೆ.

"ಹನ್ನೆರಡು ಅಂದ್ರೆ ಹಗಲಲ್ಲೇ ಅಮಾವಾಸ್ಯೆ ಮಾಡಿದಂಗೆ ಸಾರ್," ಎಂದ ಮಂಜ.

"ಅಮಾವಾಸ್ಯೆ ಆದ್ರೆ ಕಣ್ಣಿಗೇನೂ ಆಗಲ್ಲ, ಹೋಗಿ ಕೆಲಸ ಮಾಡು," ಎಂದೆ.

ಎರಡನೇ ದಿನವೇ ಭಾಗ್ಯ ಬಂದಳು. "ಸಾರ್, ಸೂಜಿ ತುದಿ ಎಲ್ಲಿದೆ ಅಂತ್ಲೇ ಕಾಣಲ್ಲ. ಒಂಬತ್ತು ಕೊಡಿ."

"ಒಂಬತ್ತಾ? ಕಣ್ಣು ಬೇಡ್ವೇನಮ್ಮ ನಿಂಗೆ?"

"ಬೇಕು ಅಂತ್ಲೇ ಕೇಳ್ತಾ ಇರೋದು ಸಾರ್."

"ಹದಿನೈದು ದಿನ ಹಾಕ್ಕೋ. ಅಭ್ಯಾಸ ಆಗತ್ತೆ."

ಒಂದು ವಾರದ ಮೇಲೆ ಮತ್ತೆ ಬಂದಳು. ನಾನು ಗೋಡೆಯ ಮೇಲಿನ ಕಾಗದ ತೋರಿಸಿದೆ. ಮೂರನೇ ಸಲ ಬಾಯಿ ತೆರೆದವಳು, ನನ್ನ ಮುಖ ನೋಡಿ, "ಆಯ್ತು ಬಿಡಿ ಸಾರ್" ಎಂದು ಹೊರಟುಹೋದಳು. ಅಭ್ಯಾಸವಾಯಿತು ಎಂದುಕೊಂಡೆ. ಅವಳ ಜೋಡಣೆಗಳು ಮೊದಲಿನಷ್ಟೇ ಸಮವಾಗಿ ಬರುತ್ತಿದ್ದವು. ಅಷ್ಟು ಕಪ್ಪು ಗಾಜಿನ ಹಿಂದಿನಿಂದ ಅದು ಹೇಗೆ ಸಾಧ್ಯ ಎಂದು ನಾನು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ಬೆಳಕು ಪಕ್ಕದವರಿಗೆ ಬಡಿಯದಂತೆ ಅವಳ ಮೇಜಿನ ಸುತ್ತ ಕಟ್ಟಿದ್ದ ಪರದೆಯ ಹಿಂದೆ ನಡೆಯುತ್ತಿದ್ದುದು, ನನಗೆ ಆಮೇಲೆ ತಿಳಿದಂತೆ, ಇಷ್ಟು. ಅವಳು ಮುಖವಾಡದ ರೆಪ್ಪೆ ಎತ್ತಿ ಸೂಜಿಯನ್ನು ಸರಿಯಾದ ಜಾಗಕ್ಕೆ ಹಿಡಿಯುವಳು. ಆರ್ಕ್ ಹಚ್ಚುವಳು. ಹಚ್ಚಿದ ಮೇಲೆ ತಲೆ ಕೊಡವಿ ರೆಪ್ಪೆ ಬೀಳಿಸುವಳು. ನಡುವಿನ ಆ ಅರೆ ಕ್ಷಣ ಬರಿಗಣ್ಣು. ಇಂಥ ಶೆಡ್ಡುಗಳಲ್ಲಿ ಇದು ಹೊಸದಲ್ಲ. ತಗಡನ್ನು ಚುಕ್ಕಿ ಚುಕ್ಕಿಯಾಗಿ ಹಿಡಿಸುವಾಗ ಎಷ್ಟೋ ಜನ ಮುಖವಾಡವನ್ನೇ ಮುಟ್ಟದೆ, "ಒಂದು ಟ್ಯಾಕ್ ತಾನೇ" ಎಂದು ಕಣ್ಣು ಮುಚ್ಚಿ ಆರ್ಕ್ ಹಚ್ಚುತ್ತಾರೆ. ಒಂದು ಟ್ಯಾಂಕಿಗೆ ಅಂಥ ಅರೆ ಕ್ಷಣಗಳು ಎಷ್ಟೋ. ಸಂಜೆ ಕಣ್ಣಿಗೆ ಮರಳು ಬಿದ್ದ ಹಾಗಾದಾಗ ಅವಳು ಮಂಜನಿಗೆ ಹೇಳಿದಳು. ಅವನು ಮೆಡಿಕಲ್ ಅಂಗಡಿಯಿಂದ ಒಂದು ಪುಟ್ಟ ಬಾಟಲಿ ತಂದುಕೊಟ್ಟ. "ಅಕ್ಕಾ, ಒಂದ್ ಡ್ರಾಪ್ ಹಾಕ್ಕೋ, ಫಟ್ ಅಂತ ಹೋಗತ್ತೆ. ನಾನೂ ಅದೇ ಹಾಕ್ಕೊಳ್ಳೋದು." ನೋವು ನಿಜಕ್ಕೂ ಫಟ್ಟನೆ ಹೋಯಿತು. ಬಾಟಲಿ ಅವಳ ಊಟದ ಚೀಲ ಸೇರಿತು.

ಒಂದು ಸೋಮವಾರ ಬೆಳಿಗ್ಗೆ ಮುಖವಾಡಗಳ ಕೊಕ್ಕೆಗಳ ಮುಂದೆ ನಿಂತ ಭಾಗ್ಯ ತನ್ನ ಹೆಸರಿನದನ್ನು ಬಿಟ್ಟು ಪಕ್ಕದ್ದಕ್ಕೆ ಕೈ ಹಾಕಿದಳು. ನಾನು ಗದರಿದೆ. ಅವಳು ತಿರುಗಿದಳು. ಬಲಗಣ್ಣು ಕೆಂಡದಂತೆ ಕೆಂಪಾಗಿತ್ತು. ಕರಿಗುಡ್ಡೆಯ ಮೇಲೆ ಗಸಗಸೆ ಕಾಳಿನಷ್ಟು ಒಂದು ಬಿಳಿ ಚುಕ್ಕೆ.

"ಯಾವಾಗಿಂದಮ್ಮ ಇದು?"

"ನೋವೇನಿಲ್ಲ ಸಾರ್."

ಅಂಥ ಕಣ್ಣು ನೋಯದಿರುವುದು ಸಾಧ್ಯವಿರಲಿಲ್ಲ.

ಆಟೋದಲ್ಲಿ ವಿಜಯನಗರದ ಒಂದು ಕಣ್ಣಿನ ಆಸ್ಪತ್ರೆಗೆ ಹೊರಟೆವು. ನಾಯಂಡಹಳ್ಳಿ ಜಂಕ್ಷನ್ನಿನಲ್ಲಿ ಗಾಡಿಗಳು ಅಲುಗದೆ ನಿಂತಿದ್ದವು. ಭಾಗ್ಯ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಹೊರಗೆ ನೋಡತೊಡಗಿದಳು.

"ಸಾರ್, ಆ ಕೆಂಪು ಬೋರ್ಡಲ್ಲಿ ಏನ್ ಬರ್ದಿದೆ?"

"ಬೇಕರಿ."

"ಅದರ ಪಕ್ಕದ್ದು?"

"ಟೈರ್ ಅಂಗಡಿ."

"ಬಣ್ಣ ಕಾಣತ್ತೆ. ಅಕ್ಷರ ಕಾಣಲ್ಲ." ಅಂಗೈ ಇಳಿಸಿ, "ನಮ್ಮತ್ತೆಗೆ ಈಗ್ಲೇ ಹೇಳ್ಬೇಡಿ ಸಾರ್. ಕೆಲ್ಸಕ್ಕೆ ಹೋಗೋದೇ ಬೇಡ ಅಂತಾರೆ," ಎಂದಳು.

ಡಾಕ್ಟರಮ್ಮ ಯಂತ್ರದಲ್ಲಿ ಕಣ್ಣು ನೋಡಿದರು, ಮತ್ತೆ ನೋಡಿದರು. ಏನು ಹಾಕುತ್ತಿದ್ದೀರಿ ಎಂದು ಕೇಳಿದರು. ಭಾಗ್ಯ ಬಾಟಲಿ ತೆಗೆದುಕೊಟ್ಟಳು.

"ದಿನಕ್ಕೆ ಎಷ್ಟು ಸಲ?"

"ಗಂಟೆಗೊಂದ್ಸಲ ಮೇಡಂ. ಆರೇಳು ದಿನ ಆಯ್ತು."

ಡಾಕ್ಟರಮ್ಮ ಬಾಟಲಿಯನ್ನು ಕಸದ ಡಬ್ಬಿಗೆ ಹಾಕಿದರು. "ಇದು ನಾವು ಪರೀಕ್ಷೆ ಮಾಡೋವಾಗ ಕಣ್ಣು ಮರಗಟ್ಟಿಸೋಕೆ ಒಂದೆರಡು ಹನಿ ಹಾಕೋ ಔಷಧಿ. ಇದು ನೋವು ತೆಗೆಯತ್ತೆ, ಗಾಯ ಮಾಯೋಕೆ ಬಿಡಲ್ಲ. ಒಳಗೆ ಹುಣ್ಣಾಗಿದೆ. ಇನ್ನೂ ಆಳಕ್ಕೆ ಹೋದ್ರೆ ತೂತಾಗಬಹುದು. ಕಣ್ಣು ಉಳಿಯತ್ತೆ ಅಂತ ಇವತ್ತು ನಾನು ಹೇಳಕ್ಕಾಗಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಇವರಿಗೆ ಮಾಸ್ಕ್ ಕೊಡಲ್ವಾ ನೀವು?"

"ಕೊಟ್ಟಿದೀವಿ ಮೇಡಂ. ಹನ್ನೆರಡನೇ ನಂಬರ್ ಗಾಜು," ಎಂದೆ. ನನ್ನ ದನಿಯಲ್ಲಿ ಇನ್ನೂ ಹೆಮ್ಮೆ ಇತ್ತು.

"ಅದ್ರಲ್ಲಿ ಏನೂ ಕಾಣಲ್ಲ ಮೇಡಂ," ಎಂದಳು ಭಾಗ್ಯ, ನನ್ನನ್ನು ನೋಡದೆ. "ಎತ್ತಿ ಎತ್ತಿ ಕೆಲ್ಸ ಮಾಡ್ತಿದ್ದೆ."

ಶೆಡ್ಡಿಗೆ ಮರಳಿ ಮಾಲೀಕರಿಗೆ ವಿಷಯ ತಿಳಿಸಿದೆ. ಅಪಘಾತದ ರಿಜಿಸ್ಟರಿನಲ್ಲಿ ಕಾರಣ ಎಂಬ ಕಡೆ, "ಕಾರ್ಮಿಕ ಮಹಿಳೆ ಮುಖವಾಡವನ್ನು ಸರಿಯಾಗಿ ಬಳಸದಿರುವುದು" ಎಂದು ಬರೆದೆ. ಅಕ್ಷರ ಎಂದಿನಂತೆ ದುಂಡಗಿತ್ತು. ಎಲ್ಲರೂ ಊಟಕ್ಕೆ ಹೋದಾಗ ಭಾಗ್ಯಳ ಮೇಜಿಗೆ ಹೋಗಿ ಕೂತೆ. ಅವಳ ಮುಖವಾಡ ಹಾಕಿಕೊಂಡೆ. ಐವತ್ತು ಆಂಪಿಯರಿಗೆ ಇಟ್ಟು ಆರ್ಕ್ ಹಚ್ಚಿದೆ. ಕತ್ತಲಿನಲ್ಲಿ ಒಂದು ಹಸಿರು ಕಾಳು ಕಂಡಿತು, ಅಷ್ಟೇ. ತಗಡಿನ ಅಂಚಿಲ್ಲ, ತಂತಿಯಿಲ್ಲ, ಕರಗಿದ ಲೋಹವಿಲ್ಲ. ಸೂಜಿ ತಗಡಿಗೆ ಅಂಟಿತು. ಮತ್ತೆ ಹಚ್ಚಿದೆ, ತೂತು ಬಿತ್ತು. ನಾಲ್ಕನೇ ಸಲ ಸೂಜಿಯನ್ನು ಹಿಡಿಯುವಾಗ ನನ್ನ ಎಡಗೈ ತಾನಾಗಿ ಮೇಲೆ ಹೋಗಿ ಮುಖವಾಡದ ರೆಪ್ಪೆಯನ್ನು ಎತ್ತಿತ್ತು.

ಆರ್ಕ್ ಹಚ್ಚದೆ ಟಾರ್ಚನ್ನು ಕೆಳಗಿಟ್ಟೆ. ಗಾಜು ಕಪ್ಪಾದಷ್ಟೂ ಕ್ಷೇಮ ಎಂದು ನಾನು ನಂಬಿದ್ದೆ. ಆ ಕಪ್ಪೇ ಅವಳ ಕಣ್ಣನ್ನು ಬೆತ್ತಲೆ ಮಾಡಿತ್ತು.

ಮುಂದಿನ ದಿನಗಳು ಕೆಟ್ಟವು. ಮರಗಟ್ಟಿಸುವ ಹನಿ ನಿಂತ ಮೇಲೆ ತಡೆದಿಟ್ಟ ನೋವೆಲ್ಲ ಒಟ್ಟಿಗೆ ಬಂತು. ಎರಡು ದಿನಕ್ಕೊಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಪ್ರತಿ ಸಲವೂ ಡಾಕ್ಟರಮ್ಮ, "ಅಷ್ಟೇ ಇದೆ" ಎನ್ನುವರು. ಕೆಂಗೇರಿಯ ಮನೆಯಲ್ಲಿ ಅವಳ ಅತ್ತೆ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು.

"ಏನ್ ಸ್ವಾಮಿ, ಸೇಫ್ಟಿ ನೋಡ್ಕೊಳ್ಳೋರು ನೀವೇ ಅಂತೆ?"

"ಹೌದಮ್ಮ."

"ಏನ್ ನೋಡ್ಕೊಂಡ್ರಿ?"

ಕೊನೆಗೆ ಪಕ್ಕಕ್ಕೆ ಸರಿದು ಒಳಗೆ ಬಿಟ್ಟರು. ಒಳಗೆ ಪಕ್ಕದ ಮನೆಯ ಬಾಣಂತಿಯ ಎದೆಹಾಲನ್ನು ಒಂದು ಲೋಟದಲ್ಲಿ ತಂದಿಟ್ಟಿದ್ದರು, ಕಣ್ಣಿಗೆ ಹಾಕಲು. ಆಲೂಗಡ್ಡೆ ಹೋಳುಗಳೂ ಇದ್ದವು. ಆಸ್ಪತ್ರೆಯ ಔಷಧಿ ಬಿಟ್ಟು ಬೇರೆ ಏನನ್ನೂ ಆ ಹುಣ್ಣಿಗೆ ಮುಟ್ಟಿಸಬೇಡಿ ಎಂದು ಕೈಮುಗಿದು ಕೇಳಿಕೊಂಡೆ. ಭಾಗ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಚಿಕ್ಕ ಮಗಳು ಆಗಾಗ ಹತ್ತಿರ ಹೋಗಿ, "ಈಗ ನಾನ್ ಕಾಣ್ತೀನಾ ಅಮ್ಮ?" ಎಂದು ಕೇಳುತ್ತಿತ್ತು. "ಕಾಣ್ತೀಯ ಕಣೇ, ಎಡಗಣ್ಣಲ್ಲಿ," ಎನ್ನುತ್ತಿದ್ದಳು.

ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ರಿಜಿಸ್ಟರಿನಲ್ಲಿ ಬರೆದದ್ದು ಸುಳ್ಳು ಎಂದು ಗೊತ್ತಿದ್ದೂ ಅದಕ್ಕೆ ಗೀಟು ಎಳೆಯಲು ನಾಲ್ಕು ದಿನ ತೆಗೆದುಕೊಂಡೆ. ಈ ನಾಲ್ಕು ದಿನಗಳನ್ನು ಬಿಟ್ಟು ಬರೆಯಬಹುದಿತ್ತು, ಬಿಡುವುದಿಲ್ಲ. ಐದನೇ ದಿನ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಕೆಳಗೆ ಬರೆದೆ: "ಕೆಲಸಕ್ಕೆ ಹೊಂದದ ಗಾಜು. ಮೂರು ಸಲ ದೂರು ಬಂದರೂ ಬದಲಾಯಿಸಲಿಲ್ಲ. ಕೊಟ್ಟವನು ನಾನು." ಮಾಲೀಕರು ಓದಿ ಕನ್ನಡಕ ತೆಗೆದರು.

"ಮೊದಲು ಬರ್ದಿದ್ದೇ ಇರ್ಲಿ ಬಿಡ್ರೀ. ಇದು ನಿಮ್ಮ ತಲೆ ಮೇಲೆ ಬರತ್ತೆ."

"ಬರ್ಲಿ ಸಾರ್. ಸಹಿ ಮಾಡಿ."

ಅವರು ಬಹಳ ಹೊತ್ತು ಪುಟವನ್ನೇ ನೋಡಿ ಸಹಿ ಮಾಡಿದರು. ನನಗೆ ಧೈರ್ಯ ಬಂದಿತ್ತು ಎಂದು ತಿಳಿಯಬೇಡಿ. ಆ ಸಹಿಯ ಶಾಯಿ ಆರುವವರೆಗೂ ಅವರೇ ಆ ಪುಟವನ್ನು ಹರಿದುಹಾಕಿಬಿಡಲಿ ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಬಯಸುತ್ತಲೇ ಇದ್ದೆ.

ಹನ್ನೊಂದನೇ ದಿನ ಡಾಕ್ಟರಮ್ಮ ಯಂತ್ರದಿಂದ ತಲೆ ಎತ್ತಿ, "ಸುತ್ತಲಿಂದ ಮಾಯ್ತಾ ಇದೆ" ಎಂದರು. ಭಾಗ್ಯ ಅಲ್ಲೇ ಅತ್ತಳು. ಕಣ್ಣಿಗೆ ಒಳ್ಳೆಯದಲ್ಲ ಎಂದು ಬೈಸಿಕೊಂಡಳು. ಹುಣ್ಣು ಪೂರ್ತಿ ಒಣಗಲು ಇನ್ನೂ ಐದು ವಾರ ಹಿಡಿಯಿತು. ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಒಂದು ತೆಳು ಕಲೆ ಉಳಿದಿದೆ. ಅಕ್ಷರ ಓದಬಲ್ಲಳು. ಬೀದಿ ದೀಪಗಳು ಮಾತ್ರ ಬಲಗಣ್ಣಿಗೆ ಒದ್ದೆ ಕಾಗದದ ಮೇಲೆ ಬಿದ್ದ ಶಾಯಿಯಂತೆ ಹರಡಿಕೊಂಡು ಕಾಣುತ್ತವೆ. ಅದು ಹೋಗುವುದಿಲ್ಲವಂತೆ.

ಡಾಕ್ಟರಮ್ಮ ಒಪ್ಪಿದ ಮೇಲೆ ಅವಳು ಕೆಲಸಕ್ಕೆ ಮರಳಿದಳು. ಅತ್ತೆ ಬೇಡವೆಂದರು, ನಾನೂ ಬೇರೆ ಕೆಲಸ ಕೊಡುತ್ತೇನೆ ಎಂದೆ. "ನಂಗೆ ಬರೋದು ಇದು ಸಾರ್. ಹೆದ್ರುಕೊಂಡು ಮನೇಲಿ ಕೂತ್ಕೊಂಡ್ರೆ ಕಣ್ಣು ಪೂರ್ತಿ ಹೋದಂಗೇ ಅಲ್ವಾ?" ಎಂದಳು. ಅವಳ ಮೇಜಿನ ಮೇಲೆ ಹನ್ನೆರಡರಿಂದ ಒಂಬತ್ತರವರೆಗಿನ ಗಾಜುಗಳನ್ನು ಸಾಲಾಗಿ ಇಟ್ಟಿದ್ದೆ. ಹೊಸಬರು ಗಮನಿಸಿ, ಆರಿಸುವ ಕ್ರಮ ಇದು. ಆ ಆಂಪಿಯರಿಗೆ ಗಾಜಿನ ಪಟ್ಟಿಯಲ್ಲಿ ಹೇಳಿರುವುದಕ್ಕಿಂತ ಕಪ್ಪಾದದ್ದರಿಂದ ಶುರು ಮಾಡಬೇಕು. ರೆಪ್ಪೆ ಎತ್ತಬೇಕೆನಿಸಿದರೆ ಅದು ತಪ್ಪು ಗಾಜು. ಕರಗಿದ ಲೋಹದ ಎರಡೂ ಅಂಚು ಕಾಣುವವರೆಗೆ ಒಂದೊಂದೇ ಇಳಿಯಬೇಕು. ಆ ಕೆಲಸಕ್ಕೆ ಹೇಳಿದ ಕನಿಷ್ಠ ನಂಬರಿಗಿಂತ ಕೆಳಗೆ ಇಳಿಯಬಾರದು. ತಾನಾಗಿ ಕಪ್ಪಾಗುವ ಹೆಲ್ಮೆಟ್ ಹಾಕುವವರೂ ನಂಬರನ್ನು ಹೀಗೇ ಆರಿಸಬೇಕು, ಸೆನ್ಸರನ್ನು ದಿನವೂ ಒರೆಸಬೇಕು. ಕಣ್ಣು ಚುಚ್ಚಿದರೆ ಆಸ್ಪತ್ರೆಗೆ ಹೋಗಬೇಕು, ಗೆಳೆಯರ ಬಾಟಲಿಗೆ ಕೈ ಚಾಚಬಾರದು.

ಹನ್ನೆರಡರಲ್ಲಿ ಅವಳು ತಲೆ ಅಲ್ಲಾಡಿಸಿದಳು. ಹನ್ನೊಂದರಲ್ಲೂ ಇಲ್ಲ. ಹತ್ತರಲ್ಲಿ, "ಒಂದು ಅಂಚು ಕಾಣತ್ತೆ." ಒಂಬತ್ತು ಹಾಕಿ ಆರ್ಕ್ ಹಚ್ಚಿದಳು. ಒಂದು ಗೇಣು ಉದ್ದ ಜೋಡಿಸಿ ನಿಲ್ಲಿಸಿದಳು. ರೆಪ್ಪೆ ಒಂದು ಸಲವೂ ಮೇಲೆ ಏಳಲಿಲ್ಲ.

"ಎರಡೂ ಕಡೆ ಕಾಣ್ತಾ ಇದೆ ಸಾರ್. ತಂತಿ ತುದೀನೂ ಕಾಣತ್ತೆ."

ಅವತ್ತು ಸಂಜೆಯವರೆಗೂ ಅವಳು ಒಂಬತ್ತರಲ್ಲೇ ಕೆಲಸ ಮಾಡಿದಳು. ನೋವು ಬರುವುದಿದ್ದರೆ ಮನೆಗೆ ಹೋದ ಮೇಲೆ ಬರುವುದು. ಫೋನ್ ಮಾಡಿ ಕೇಳಲು ಧೈರ್ಯ ಬರಲಿಲ್ಲ. ಬೆಳಿಗ್ಗೆ ಆರೂವರೆಗೇ ನಾಯಂಡಹಳ್ಳಿ ಮೆಟ್ರೋ ನಿಲ್ದಾಣದ ಮೆಟ್ಟಿಲ ಕೆಳಗೆ ಹೋಗಿ ನಿಂತೆ. ಕೆಂಗೇರಿ ಕಡೆಯಿಂದ ರೈಲುಗಳು ಬಂದು ಹೋದವು. ಎಂಟಕ್ಕೆ ಹತ್ತು ನಿಮಿಷ ಇರುವಾಗ ಅವಳು ಊಟದ ಚೀಲ ಹಿಡಿದು ಇಳಿದು ಬಂದಳು, ನನ್ನನ್ನು ನೋಡಿ ನಿಂತಳು.

"ಏನ್ ಸಾರ್, ಇಲ್ಲೇ ನಿಂತಿದೀರಾ?"

"ಕಣ್ಣು ತೋರ್ಸಮ್ಮ."

ಜನ ಅತ್ತಿತ್ತ ಹೋಗುತ್ತಿದ್ದ ಮೆಟ್ಟಿಲ ಮೇಲೆ ಅವಳು ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ತೋರಿಸಿದಳು, ಮೊದಲು ಬಲ, ಆಮೇಲೆ ಎಡ. ಎರಡೂ ಬೆಳ್ಳಗಿದ್ದವು. ನಾನು ಮತ್ತೊಮ್ಮೆ ನೋಡಿದೆ.

"ರಾತ್ರಿ ಚೆನ್ನಾಗ್ ನಿದ್ದೆ ಬಂತು ಸಾರ್," ಎಂದಳು. ಚೀಲವನ್ನು ಹೆಗಲಿಗೆ ಏರಿಸಿಕೊಂಡು ಶೆಡ್ಡಿನ ಕಡೆ ಹೆಜ್ಜೆ ಹಾಕುತ್ತಾ ಮಾತು ಮುಂದುವರಿಸಿದಳು. "ಇವತ್ತು ದಪ್ಪ ತಗಡು ಬರತ್ತೆ ಅಂದ್ರಲ್ಲ? ಅದಕ್ಕೆ ಎಷ್ಟು ಅಂತ ನೀವು ಹೇಳ್ಬೇಡಿ. ನಾನ್ ನೋಡಿ ಹೇಳ್ತೀನಿ, ನೀವ್ ಬರ್ಕೊಳಿ."

"ಆಯ್ತಮ್ಮ," ಎಂದೆ.

ಆ ದಿನ ಅವಳು ಹತ್ತು ಎಂದಳು. ನಾನು ಹತ್ತು ಎಂದು ಬರೆದುಕೊಂಡೆ.